ಬೆಸುಗೆ ಹಾಕಿದವಳ ಸವಾರಿ

ಆ ದೋಣಿಕಟ್ಟೆಯಲ್ಲಿ ದೋಣಿಯ ತಳ ಕೆರೆಯುವವರದು, ದೋಣಿಯ ಒಳಗು ದೋಣಿಯವರದು. ಕೆರೆಯುವವರ ಮನೆಯ ಮಗು ನಡೆಯಲು ಕಲಿಯುವ ಹೊತ್ತಿಗೆ ಬೆನ್ನಿಗೊಂದು ಏಟು ತಿಂದು ಇದನ್ನೂ ಕಲಿತುಬಿಡುತ್ತಿತ್ತು. ಸೊಂಟದವರೆಗೆ ಉಪ್ಪುನೀರಲ್ಲಿ ನಿಲ್ಲಬೇಕು. ಕತ್ತು ಹಿಂದಕ್ಕೆ ಮುರಿದುಕೊಂಡು ಅಗಲ ಬಾಯಿಯ ಉಳಿಯಿಂದ ಪಾಚಿ, ಚಿಪ್ಪು ಕೆರೆಯಬೇಕು. ಕೆರೆದದ್ದು ಕಣ್ಣಿಗೆ ಬೀಳುತ್ತದೆ, ಬಾಯಿಗೆ ಬೀಳುತ್ತದೆ. ಥೂ ಎಂದು ಉಗುಳಿ ಮತ್ತೆ ಕೆರೆಯಬೇಕು. ಅಷ್ಟೆಲ್ಲ ಮಾಡಿದ ಮೇಲೂ ದೋಣಿಯೊಳಗೆ ಕಾಲಿಡುವಂತಿಲ್ಲ. ಇಟ್ಟರೆ ದೋಣಿ ಮೈಲಿಗೆ.

ಕಿಸಕ್ಕ ಆ ಕೆರೆಯುವವರ ಮನೆಯ ಸೊಸೆ. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಬೇಕಾದ ಕಡೆಯೆಲ್ಲ ಅವಳಿಗೆ ಕಿಸಕ್ಕನೆ ನಗು ಬರುತ್ತಿತ್ತು. ಮದುವೆಯ ದಿನವೂ ನಕ್ಕಿದ್ದಳಂತೆ. ಅತ್ತೆ ಆಗಲೇ ತನ್ನ ಕಡೆಯವರಿಗೆ ಹೇಳಿದ್ದಳು: "ಈ ಹುಡುಗಿ ನಮ್ಮನ್ನ ಎಲ್ಲಾದರೂ ಸಿಕ್ಕಿಸ್ತಾಳೆ, ನೋಡ್ತಿರಿ."

ಅತ್ತೆ ಹೇಳಿದಂತೆಯೇ ಆಯಿತು. ಆದರೆ ಸಿಕ್ಕಿಬಿದ್ದದ್ದು ಬೇರೆಯವರು.

ಕಟ್ಟೆಯ ಪಕ್ಕದಲ್ಲೇ ಮೋಟರು ರಿಪೇರಿಯ ಗ್ಯಾರೇಜು. ದೋಣಿಯ ಹಿಂದೆ ತಗಲಿಸುವ ಮೋಟರುಗಳೆಲ್ಲ ಅಲ್ಲಿಗೇ ಬರಬೇಕು. ಕಿಸಕ್ಕ ಅಲ್ಲಿ ಎಣ್ಣೆ ಒರೆಸುವ ಕೆಲಸಕ್ಕೆ ಸೇರಿದ್ದು. ಆಗ ಬೆಸುಗೆ ಹಾಕುತ್ತಿದ್ದ ಮುದುಕನ ಕಣ್ಣು ಮಂಜಾಗುತ್ತಿತ್ತು. ಅವನು ಅವಳ ಕಣ್ಣನ್ನು ಎರವಲು ತೆಗೆದುಕೊಂಡ. "ಸೀಳು ಎಲ್ಲಿಗೆ ನಿಂತಿದೆ ನೋಡಿ ಹೇಳವ್ವಾ" ಅನ್ನುತ್ತಿದ್ದ. ನೋಡಿ ಹೇಳುತ್ತಾ ಹೇಳುತ್ತಾ ಅವಳ ಕೈಗೂ ಕೆಲಸ ಹತ್ತಿತು. ಮುದುಕ ತೀರಿಕೊಂಡ ಮೇಲೆ ಗ್ಯಾರೇಜಿನ ಧಣಿ ತಲೆ ಕೆರೆದುಕೊಂಡ. ಬೆಸುಗೆ ಬರುವುದು ಇವಳೊಬ್ಬಳಿಗೆ. ಇವಳು ಬೆಸೆದದ್ದು ಎಂದು ಗೊತ್ತಾದರೆ ದೋಣಿಯವರು ಮೋಟರನ್ನು ಹಿಂದಕ್ಕೆ ಒಯ್ಯುತ್ತಾರೆ. ಧಣಿ ಗ್ಯಾರೇಜಿನ ಹಿಂಬದಿಗೆ ಒಂದು ತಗಡಿನ ಗೋಡೆ ಎಬ್ಬಿಸಿದ. ಅವಳನ್ನು ಅದರ ಹಿಂದೆ ಕೂರಿಸಿದ. ತಗಡಿನ ಮುಂದೆ ತನ್ನ ಹೆಂಡತಿಯ ತಮ್ಮನನ್ನು ನಿಲ್ಲಿಸಿದ.

ಈ ಭಾವಮೈದನಿಗೆ ಎಲ್ಲರೂ ಕನ್ನಡಕ ಅನ್ನುತ್ತಿದ್ದರು. ಬೆಸುಗೆಯ ಕಪ್ಪು ಕನ್ನಡಕ ಸದಾ ಹಣೆಯ ಮೇಲಿರುತ್ತಿತ್ತು. ಊಟಕ್ಕೆ ಕೂತಾಗಲೂ ಅಲ್ಲೇ, ಕ್ಷೌರಕ್ಕೆ ಕೂತಾಗಲೂ ಅಲ್ಲೇ. ಅದು ಹಣೆಯಿಂದ ಕಣ್ಣಿಗೆ ಇಳಿದದ್ದನ್ನು ಕಂಡವರಿಲ್ಲ.

ಕಟ್ಟೆಯಲ್ಲಿ ಇನ್ನೊಂದು ಕಟ್ಟುಪಾಡಿತ್ತು. ಮೋಟರಿಗೆ ಬೆಸುಗೆ ಹಾಕಿದವನು ಅದರ ಮೊದಲ ಸವಾರಿಯಲ್ಲಿ ದೋಣಿಯ ಹಿಂದಿನ ಹಲಗೆಯ ಮೇಲೆ ಮೋಟರಿಗೆ ಕೈ ಹಚ್ಚಿಕೊಂಡು ಕೂರಬೇಕು. ಗ್ಯಾರೇಜಿನ ಡ್ರಮ್ಮಿನ ನೀರಲ್ಲಿ ಎಷ್ಟು ಓಡಿಸಿದರೂ ಮೋಟರಿಗೆ ದೋಣಿಯ ಭಾರ ಗೊತ್ತಾಗುವುದಿಲ್ಲ. ನಡುನೀರಲ್ಲಿ ಬೆಸುಗೆ ಬಿಟ್ಟರೆ ಹಾಕಿದವನೂ ಮುಳುಗಲಿ ಎಂಬ ಲೆಕ್ಕ. ಮುಳುಗದೆ ಬಂದರೆ ಅವನನ್ನು ಹೆಗಲ ಮೇಲೆ ಕೈಹಾಕಿ ದಡಕ್ಕೆ ಇಳಿಸಿಕೊಳ್ಳುತ್ತಿದ್ದರು, "ಮೇಸ್ತ್ರಿ" ಎಂದು ಕರೆಯುತ್ತಿದ್ದರು. ಕನ್ನಡಕ ಹೀಗೆ ದೊಡ್ಡ ಮೇಸ್ತ್ರಿಯಾಗಿದ್ದ.

ಅವನದು ಪುಕ್ಕಲು ಜೀವ. ಪ್ರತಿ ಸವಾರಿಯ ಮುಂಚೆ ತಗಡಿನ ಹಿಂದಕ್ಕೆ ಬಂದು ಪಿಸುಮಾತಲ್ಲಿ ಕೇಳುತ್ತಿದ್ದ, "ಹೆಂಗಿದೆ?" ಅವಳು "ಗಟ್ಟಿ" ಅನ್ನಬೇಕು. ಆ ಒಂದು ಮಾತು ಕಿವಿಗೆ ಬೀಳದೆ ಅವನು ದೋಣಿ ಹತ್ತುತ್ತಿರಲಿಲ್ಲ.

ಕಿಸಕ್ಕನಿಗೆ ಬೇಕಿದ್ದದ್ದು ಮೇಸ್ತ್ರಿ ಎಂಬ ಹೆಸರಲ್ಲ. ತಾನು ಬೆಸೆದ ಮೋಟರಿನ ಪಕ್ಕ ಕೂತು ಒಂದೇ ಒಂದು ಸಲ ನೀರಿನ ಮೇಲೆ ಹೋಗಬೇಕು. ಅಷ್ಟೇ ಆಸೆ. ಹೊಟ್ಟೆ ಹಸಿದವರಿಗೆ ಅನ್ನದ ಆಸೆ ಇರುವಂತೆ ಇತ್ತು ಅದು.

ಹಿಂದಿನ ವರ್ಷ ಒಂದು ಸಂಗತಿ ನಡೆದಿತ್ತು. ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ದೊಡ್ಡ ದೋಣಿಯ ಯಜಮಾನನ ಮೋಟರನ್ನು ದೋಣಿಗೆ ಏರಿಸುತ್ತಿದ್ದರು. ಇಬ್ಬರು ಗಂಡಸರ ಕೈಯಿಂದ ಅದು ಜಾರಿತು. ಕೆಳಗೆ ನೀರಲ್ಲಿ ನಿಂತಿದ್ದ ಕಿಸಕ್ಕನ ಅತ್ತೆಯ ತಲೆಯ ಮೇಲೇ ಬರುತ್ತಿತ್ತು. ಕಟ್ಟೆಯ ಮೇಲಿದ್ದ ಕಿಸಕ್ಕ ಹಾರಿ ಮೋಟರನ್ನು ತಬ್ಬಿ ಹಿಡಿದಳು. ಹಿಡಿಯುವ ಭರದಲ್ಲಿ ಒಂದು ಕಾಲು ದೋಣಿಯೊಳಗೆ ಬಿತ್ತು.

ಯಜಮಾನ ಮೋಟರು ಉಳಿಯಿತು ಅನ್ನಲಿಲ್ಲ. ಮುದುಕಿ ಉಳಿದಳು ಅನ್ನಲಿಲ್ಲ. "ಸೋಡಾ ಪುಡಿ ತರ್ರೋ" ಅಂದ. ಆಮೇಲೆ ಕಿಸಕ್ಕನಿಗೆ, "ನಿನ್ನ ಕಾಲಿಂದು ನೀನೇ ತೊಳಿ."

ತೊಳೆಯಲೂ ಒಳಗೆ ಹೋಗುವಂತಿಲ್ಲವಲ್ಲ! ಅವಳು ನೀರಿಗಿಳಿದು, ದೋಣಿಯ ಅಂಚಿಗೆ ಎದೆ ಒತ್ತಿ, ಬ್ರಷ್ಷು ಹಿಡಿದ ಕೈಯನ್ನು ಒಳಗೆ ಚಾಚಿ, ತನ್ನದೇ ಹೆಜ್ಜೆಯನ್ನು ಉಜ್ಜಿದಳು. ಕೈ ಎಟುಕಲಿಲ್ಲ. ಉದ್ದದ ಕೋಲಿಗೆ ಬ್ರಷ್ಷು ಕಟ್ಟಿಕೊಟ್ಟರು. ಸೋಡಾ ತಾಗಿ ಅಂಗೈ ಸುಲಿಯಿತು. ಯಜಮಾನ ಕಟ್ಟೆಯ ಮೇಲೆ ನಿಂತು "ಇನ್ನೊಂಚೂರು ಆ ಕಡೆ, ಇನ್ನೊಂಚೂರು" ಅನ್ನುತ್ತಿದ್ದ. ಅವತ್ತು ಅವಳಿಗೆ ನಗು ಬರಲಿಲ್ಲ. ಮನೆಗೆ ಬಂದು ಒಲೆಯ ಮುಂದೆ ಕೂತು, ಸಿಟ್ಟಿಗೆ ಊಟ ಬಿಟ್ಟು ಮಲಗಿದಳು. ಅತ್ತೆ ಸುಲಿದ ಕೈಗೆ ಎಣ್ಣೆ ಹಚ್ಚಿದಳು.

ಈಗ ಅದೇ ಯಜಮಾನನ ಮೋಟರು ಮತ್ತೆ ಬಂದಿತ್ತು. ಕಲ್ಲಿಗೆ ಬಡಿದು ಅದರ ಕೆಳಗಿನ ಅಲ್ಯೂಮಿನಿಯಂ ಕವಚ ಸೀಳಿತ್ತು. ಗ್ಯಾರೇಜಿನವರು ಅದಕ್ಕೆ ಹೌಸಿಂಗ್ ಅನ್ನುತ್ತಾರೆ. ಒಳಗಿನ ಗೇರು, ಸೀಲುಗಳನ್ನು ಬಿಚ್ಚಿ ಬರಿಯ ಹೌಸಿಂಗನ್ನು ತಗಡಿನ ಹಿಂದಕ್ಕೆ ತಂದಿಟ್ಟರು.

"ನಾಡಿದ್ದು ದೋಣಿಗಳು ಹೊರಡಬೇಕು. ನಾಳೆ ಬೆಳಿಗ್ಗೆ ಸವಾರಿ. ಕೆಟ್ಟರೆ ನೀನೂ ಇಲ್ಲ, ಯಜಮಾನ ನಿಮ್ಮತ್ತೇನ ಕೆರೆಯೋಕೂ ಬಿಡಲ್ಲ," ಅಂದ ಧಣಿ.

"ಆಯ್ತು ಧಣಿ."

"ನಗಬೇಡ."

"ನಗ್ತಿಲ್ಲ ಧಣಿ. ಮುಖಾನೇ ಹಿಂಗಿದೆ."

ಅವಳು ಕೆಲಸಕ್ಕೆ ಕೂತಳು. ಸೀಳು ಹಳೆಯ ಎಣ್ಣೆ ಕುಡಿದಿತ್ತು. ಬೆಂಕಿ ತೋರಿಸಿದರೆ ಕಪ್ಪು ಬೆವರಿನಂತೆ ಹೊರಗೆ ಬರುತ್ತಿತ್ತು. ಒರೆಸಿದಳು. ಮತ್ತೆ ಬೆಂಕಿ ತೋರಿಸಿದಳು, ಮತ್ತೆ ಒರೆಸಿದಳು. ಸೀಳು ಮುಂದಕ್ಕೆ ಓಡದಂತೆ ಅದರ ಎರಡೂ ತುದಿಗೆ ಸಣ್ಣ ತೂತು ಕೊರೆದಳು. ಗ್ರೈಂಡರಿನಿಂದ ಸೀಳನ್ನು ಉದ್ದಕ್ಕೂ ತೋಡಿ ಬಾಯಿ ಬಿಡಿಸಿದಳು. ತಂತಿಬ್ರಷ್ಷಿನಿಂದ ಬೆಳ್ಳಗಾಗುವವರೆಗೆ ಉಜ್ಜಿದಳು. ಬಟ್ಟೆ ಒಗೆಯುವ ಸೋಪಿನ ತುಂಡನ್ನು ಅದರ ಮೇಲೆ ಗೀಚಿ ಗ್ಯಾಸಿನ ಉರಿ ಹಿಡಿದಳು. ಸೋಪಿನ ಗೀಟು ಕಂದು ಬಣ್ಣಕ್ಕೆ ತಿರುಗಿದರೆ ಕಾವು ಸರಿ. ಕಬ್ಬಿಣವಾದರೆ ಕೆಂಪಗಾಗಿ ತಾನೇ ಹೇಳುತ್ತದೆ. ಅಲ್ಯೂಮಿನಿಯಂ ಬೆಳ್ಳಗೇ ಇದ್ದು, ಇದ್ದಕ್ಕಿದ್ದಂತೆ ಕುಸಿದು ಸುರಿದುಬಿಡುತ್ತದೆ. "ನಮ್ಮತ್ತೆ ಥರ ನೀನು," ಎಂದು ಅವಳು ಅದನ್ನು ಬೈಯುತ್ತಿದ್ದಳು. "ಎಷ್ಟು ಕಾದಿದ್ದೀಯ ಅಂತ ಮುಖದಲ್ಲಿ ಕಾಣಲ್ಲ."

ಗೀಟು ಕಂದು ಬಣ್ಣಕ್ಕೆ ತಿರುಗಿತು. ತನ್ನ ಕಪ್ಪು ಕನ್ನಡಕವನ್ನು ಕಣ್ಣಿಗೆ ಇಳಿಸಿ ಆರ್ಗಾನ್ ಗ್ಯಾಸಿನ ಬೆಸುಗೆಯ ಹಿಡಿ ಹಿಡಿದಳು. ಕರಗಿದ ಲೋಹ ಕನ್ನಡಿಯಂತೆ ಹೊಳೆದು ನಿಂತಾಗ ಬೆಸುಗೆ ಕಡ್ಡಿಯನ್ನು ಅದ್ದಬೇಕು, ತೆಗೆಯಬೇಕು, ಅದ್ದಬೇಕು, ತೆಗೆಯಬೇಕು. ಬಗ್ಗಿದ ಬೆನ್ನು ಉರಿಯಿತು. ಬೆವರು ಕಣ್ಣಿಗೆ ಇಳಿಯಿತು. ಒರೆಸಿಕೊಳ್ಳಲು ಮೂರನೆಯ ಕೈ ಇರಲಿಲ್ಲ. ಮುಗಿದಾಗ ಬೆಸುಗೆ ಸೀಳಿನ ಉದ್ದಕ್ಕೂ ಬಿಗಿಯಾಗಿ ಹೆಣೆದ ಜಡೆಯಂತೆ ಕೂತಿತ್ತು. ಬೇಗ ಆರಿದರೆ ಮತ್ತೆ ಸೀಳುತ್ತದೆಂದು ಗೋಣಿತಾಟಿನಲ್ಲಿ ಸುತ್ತಿ ಬೂದಿಯಲ್ಲಿ ಹೂತಿಟ್ಟಳು. ಕೆಲಸ ಚೆನ್ನಾಗಿ ಬಂದಿತ್ತು. ಖುಷಿಗೆ ಒಬ್ಬಳೇ ಕಿಸಕ್ಕನೆ ನಕ್ಕಳು.

ಬೆಳಿಗ್ಗೆ ಮೋಟರನ್ನು ಜೋಡಿಸಿ ದೋಣಿಗೆ ಏರಿಸಿದ ಮೇಲೆ ಕನ್ನಡಕ ತಗಡಿನ ಹಿಂದಕ್ಕೆ ಬಂದ. ಹೊಸ ಅಂಗಿ ಹಾಕಿದ್ದ. ಹಣೆಯ ಮೇಲೆ ಅದೇ ಕನ್ನಡಕ.

"ಹೆಂಗಿದೆ?"

ಕಿಸಕ್ಕ ಬಾಯಿ ತೆರೆದಳು. ಆ ಮಾತು ನಾಲಗೆಯ ತುದಿಗೆ ಬಂದಿತ್ತು. ಆಗ ಅವಳ ಕಣ್ಣು ತನ್ನ ಅಂಗೈ ಮೇಲೆ ಬಿತ್ತು. ಸೋಡಾ ಸುಲಿದ ಕಡೆ ಚರ್ಮ ಇನ್ನೂ ತೆಳ್ಳಗೆ ಮಿರಮಿರ ಎನ್ನುತ್ತಿತ್ತು. ಅವಳು ಬಾಯಿ ಮುಚ್ಚಿದಳು.

"ಕೇಳಿದ್ದು ಕೇಳಿಸ್ಲಿಲ್ವಾ? ಹೆಂಗಿದೆ?"

"ನೋಡ್ಬೇಕು ಸಣ್ಣ ಧಣಿ."

"ನೋಡ್ಬೇಕು ಅಂದ್ರೆ?"

"ನೀರಲ್ಲಿ ಹೋಗಿ ನೋಡ್ಬೇಕು."

"ಏಯ್, ಯಾವಾಗ್ಲೂ ಹೇಳ್ತೀಯಲ್ಲ. ಗಟ್ಟಿ ಅನ್ನು."

"ಇವತ್ತು ಅನ್ನಲ್ಲ."

"ಯಾಕೆ?"

"ಯಾಕೋ ಅನ್ನಬೇಕು ಅನ್ನಿಸ್ತಿಲ್ಲ," ಎಂದಳು. ಅಷ್ಟರಲ್ಲಿ ಆ ಹಾಳು ನಗು ಬಂದೇಬಿಟ್ಟಿತು. ತಡೆದಷ್ಟೂ ಹೆಚ್ಚಾಯಿತು. ಅವಳು ನಕ್ಕಷ್ಟೂ ಕನ್ನಡಕನ ಮುಖದ ರಕ್ತ ಇಳಿಯಿತು. ಬೆಸುಗೆ ಕೆಟ್ಟಿದೆ, ಅದಕ್ಕೇ ನಗುತ್ತಿದ್ದಾಳೆ ಎಂದುಕೊಂಡ ಪಾಪ.

ಕಟ್ಟೆಯ ಮೇಲೆ ದೋಣಿಯವರೆಲ್ಲ ಸೇರಿದ್ದರು. ಕೆಳಗೆ ನೀರಲ್ಲಿ ಕೆರೆಯುವವರು ಸೊಂಟದವರೆಗೆ ನಿಂತು ಕಡೆಯ ದೋಣಿಗಳ ತಳ ಕೆರೆಯುತ್ತಿದ್ದರು. ದೊಡ್ಡ ದೋಣಿಯ ಮಗ್ಗುಲಲ್ಲಿ ಅತ್ತೆ. ಸವಾರಿಗೆ ಹೊರಟ ದೋಣಿಯನ್ನೂ ಬಿಡದೆ ಕೆರೆಯುತ್ತಿದ್ದಳು. ಯಜಮಾನ ಮುಂದಿನ ಹಗ್ಗ ಬಿಚ್ಚಿ ದೋಣಿಯೊಳಗೆ ಎಸೆದ.

"ಬಾರಯ್ಯಾ ಮೇಸ್ತ್ರಿ, ಹತ್ತು."

ಕನ್ನಡಕ ಹತ್ತಲಿಲ್ಲ.

"ಯಾಕಯ್ಯಾ?"

"ಹೊಟ್ಟೆ ಸರಿ ಇಲ್ಲ."

"ನೀರಿನ ಮೇಲೆ ಸರಿಹೋಗುತ್ತೆ. ಹತ್ತು."

"ತಲೆನೂ ಸುತ್ತುತ್ತೆ."

ಜನ ಗುಸುಗುಸು ಶುರು ಮಾಡಿದರು. ಬೆಸುಗೆ ಹಾಕಿದವನೇ ಹತ್ತುವುದಿಲ್ಲ ಅಂದರೆ ಏನರ್ಥ? ಧಣಿ ಮುಂದೆ ಬಂದು ಭಾವಮೈದನ ತೋಳು ಹಿಡಿದು ದೋಣಿಯ ಕಡೆ ನೂಕಿದ. ಕನ್ನಡಕ ಕಟ್ಟೆಯ ಕಂಬವನ್ನು ತಬ್ಬಿಕೊಂಡ.

"ಬಿಡಿ ಭಾವಾ! ನಾನು ಸಾಯಲ್ಲ! ನಾನು ಹಾಕಿದ್ದಲ್ಲ ಅದು! ಇವಳು ಹಾಕಿದ್ದು! ಎಲ್ಲಾನೂ ಇವಳೇ ಹಾಕಿದ್ದು!"

ಎಲ್ಲರ ಕಣ್ಣೂ ಅವನ ಬೆರಳು ತೋರಿದ ಕಡೆಗೆ ತಿರುಗಿತು. ಅಲ್ಲಿ ಗ್ಯಾರೇಜಿನ ಬಾಗಿಲಲ್ಲಿ ಕಿಸಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಭುಜ ಕುಲುಕುತ್ತಿತ್ತು.

"ಎಲ್ಲಾನೂ ಅಂದ್ರೆ?" ಒಬ್ಬ ಕೇಳಿದ. "ನನ್ನ ಮೋಟರೂನಾ?"

ಕಿಸಕ್ಕ ಸೆರಗು ತೆಗೆದಳು. "ನಿಮ್ದು ಹೋದ ವರ್ಷದ್ದಲ್ವಾ ಅಣ್ಣಾ? ಪಕ್ಕೆ ಒಡೆದಿತ್ತು. ನಾನೇ."

"ನಂದು?"

"ನಿಮ್ದಕ್ಕೆ ಎರಡು ಸಲ ಹಾಕಿದೀನಿ. ನೀವು ಕಲ್ಲು ನೋಡಿ ಓಡಿಸಲ್ಲ."

"ಅಯ್ಯೋ, ನಂದು..."

"ನಿಮ್ದೂನೂ. ಅಲ್ಲಿ ಹಸಿರು ಅಂಗಿ ಅಣ್ಣಂದೂನೂ. ಆ ಸಾಲಲ್ಲಿ ಇರೋವೆಲ್ಲ ನಂದೇ." ಅವಳಿಗೀಗ ತಡೆಯಲು ಆಗಲಿಲ್ಲ. ಎಷ್ಟೋ ವರ್ಷ ತಗಡಿನ ಹಿಂದೆ ಮುಚ್ಚಿಟ್ಟ ಮಾತು ತಂತಾನೇ ಉಕ್ಕಿ ಬರುತ್ತಿತ್ತು. "ನಿಮ್ಮೆಲ್ಲರ ದೋಣಿಗೂ ನನ್ನ ಕೈ ಹತ್ತಿ ಎಷ್ಟೋ ದಿನ ಆಯ್ತು ಅಣ್ಣಂದಿರಾ. ಕಾಲೊಂದೇ ಬಾಕಿ."

ಹೇಳಿದವಳೇ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ದಡದಡ ಮೆಟ್ಟಿಲಿಳಿದು, ದೊಡ್ಡ ದೋಣಿಯೊಳಗೆ ಎರಡೂ ಕಾಲಿಟ್ಟಳು. ದೋಣಿ ಅಲ್ಲಾಡಿತು. ಅವಳು ಧೊಪ್ಪೆಂದು ಹಿಂದಿನ ಹಲಗೆಯ ಮೇಲೆ ಕೂತಳು.

"ಇಳಿಯೇ!" ಯಜಮಾನ ಅರಚಿದ. "ಇಳಿಸ್ರೋ ಅವಳನ್ನ!"

ಯಾರೂ ಕದಲಲಿಲ್ಲ. ಎಳೆದು ಇಳಿಸಬೇಕಾದರೆ ಅವಳನ್ನು ಮುಟ್ಟಬೇಕು. ದೋಣಿ ಹತ್ತಬೇಕಾದರೆ ಅವಳ ಜೊತೆ ಒಂದೇ ಹಲಗೆ ತುಳಿಯಬೇಕು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾವೇ ಕಟ್ಟಿದ ಬೇಲಿ ತಮ್ಮ ಕಾಲಿಗೇ ಸುತ್ತಿಕೊಂಡಿತ್ತು. ಯಜಮಾನನೂ ಮೆಟ್ಟಿಲ ಕೊನೆಯವರೆಗೆ ಬಂದು, ಒಂದು ಕಾಲು ಎತ್ತಿ, ಮತ್ತೆ ಇಟ್ಟುಕೊಂಡ.

"ನಿನ್ನ ಕೆಲಸ ಹೋಯ್ತು!" ಧಣಿ ಕಟ್ಟೆಯ ಮೇಲಿಂದ ಕೂಗಿದ. "ನಿಮ್ಮತ್ತೆಗೂ ಹೋಯ್ತು!"

ಕೆಳಗಿನಿಂದ ಕೆರೆಯುವ ಸದ್ದು ನಿಂತಿತು. ಅತ್ತೆ ನೀರಿನಿಂದ ತಲೆ ಎತ್ತಿದಳು. ಮುಖಕ್ಕೆಲ್ಲ ಪಾಚಿ ಮೆತ್ತಿತ್ತು.

"ನಂಗೂ ಹೋಯ್ತಾ?"

"ಹೂಂ, ಹೋಯ್ತು!"

"ಹಂಗಾದ್ರೆ ಇನ್ನೇನು ಕೆರೆಯೋದು," ಅಂದಳು ಅತ್ತೆ. ಉಳಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ದೋಣಿಯ ಅಂಚು ಹಿಡಿದಳು. ಮಂಡಿ ಹತ್ತಲಿಲ್ಲ. "ಎಳಿಯೇ ನನ್ನ," ಎಂದು ಹಲ್ಲಿನ ಸಂದಿಯಿಂದ ಗದರಿದಳು. ಕಿಸಕ್ಕ ಕಂಕುಳಿಗೆ ಕೈ ಕೊಟ್ಟು ಎಳೆದಳು. ಅತ್ತೆ ನೀರು ಸುರಿಸುತ್ತಾ ಹೊಟ್ಟೆಯ ಮೇಲೆ ಜಾರಿ ಒಳಗೆ ಬಿದ್ದಳು. ಬಿದ್ದಲ್ಲೇ ಒಂದು ಕ್ಷಣ ಅಂಗಾತ ಮಲಗಿ, ಹಲಗೆಗಳನ್ನು ಕೈಯಿಂದ ಸವರಿ ನೋಡಿದಳು.

"ಒಳಗೆ ಹಿಂಗಿರುತ್ತಾ?" ಅಂದಳು.

"ಹಿಂಗಿರುತ್ತೆ ಅತ್ತೆ. ಕೂತ್ಕೊಳಿ."

ಕಿಸಕ್ಕನಿಗೆ ಮೋಟರು ಗೊತ್ತಿತ್ತು. ಡ್ರಮ್ಮಿನ ನೀರಲ್ಲಿ ಎಷ್ಟೋ ಸಲ ಓಡಿಸಿದ್ದಳು. ಸ್ಟಾರ್ಟರ್ ಹಗ್ಗ ಎಳೆದಳು. ಮೋಟರು ಕೆಮ್ಮಿತು. ಮತ್ತೆ ಎಳೆದಳು. ಗುರ್ ಎಂದಿತು. ಗೇರು ಹಾಕಿ ಹಿಡಿ ತಿರುವಿದಳು. ದೋಣಿ ಕಟ್ಟೆಯಿಂದ ಒಂದಷ್ಟು ದೂರ ಜಿಗಿದು ಟಣ್ ಎಂದು ನಿಂತುಬಿಟ್ಟಿತು. ಅತ್ತೆ ಮುಗ್ಗರಿಸಿ ಸೊಸೆಯ ಮಡಿಲಿಗೆ ಬಿದ್ದಳು.

"ಯಾಕೆ ನಿಲ್ತು?"

"ಗೊತ್ತಿಲ್ಲ ಅತ್ತೆ!" ಅವಳು ಇನ್ನೂ ಜೋರಾಗಿ ತಿರುವಿದಳು. ಮೋಟರು ಹುಚ್ಚೆದ್ದು ಕೂಗಿತು. ಹಿಂದೆ ನೀರು ನೊರೆ ನೊರೆಯಾಗಿ ಕುದಿಯಿತು. ದೋಣಿ ಮೂಗೆತ್ತಿ ನಡುಗಿತೇ ಹೊರತು ಮುಂದೆ ಹೋಗಲಿಲ್ಲ.

ಕಟ್ಟೆಯ ಮೇಲೆ ಒಬ್ಬ ನಕ್ಕ. ಇನ್ನೊಬ್ಬ ನಕ್ಕ. ಆಮೇಲೆ ಇಡೀ ಕಟ್ಟೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಿಂದಿನ ಹಗ್ಗ ಇನ್ನೂ ಕಂಬಕ್ಕೇ ಕಟ್ಟಿತ್ತು! ಹಗ್ಗವನ್ನು ಬಿಚ್ಚಿ ಹೊರಡಬೇಕೆಂಬುದು ದೋಣಿಯವರ ಮನೆಯ ಕೂಸಿಗೂ ಗೊತ್ತು. ಒಮ್ಮೆಯೂ ದೋಣಿ ಹತ್ತದವರಿಗೆ ಹೇಗೆ ಗೊತ್ತಾಗಬೇಕು? ಗ್ಯಾರೇಜಿನ ಡ್ರಮ್ಮಿಗೆ ಹಗ್ಗ ಕಟ್ಟಿರುವುದಿಲ್ಲ.

ಕಿಸಕ್ಕ ಹಿಂತಿರುಗಿ ನೋಡಿದಳು. ಹಗ್ಗ ಕಂಡಿತು. ನಗುವ ಮುಖಗಳೂ ಕಂಡವು. ನಾಚಿಕೆಯಿಂದ ಮುಖ ಬಿಸಿಯಾಯಿತು. ಆದರೆ ನಗುವ ವಿಷಯದಲ್ಲಿ ಅವಳನ್ನು ಸೋಲಿಸುವವರು ಆ ಕಟ್ಟೆಯಲ್ಲಿ ಹುಟ್ಟಿರಲಿಲ್ಲ. ಅವಳು ಅವರೆಲ್ಲರಿಗಿಂತ ಜೋರಾಗಿ ನಕ್ಕಳು. ನಗುತ್ತಾ ಕಣ್ಣಲ್ಲಿ ನೀರು ಬಂತು. ಮೋಟರಿನ ವೇಗ ಮಾತ್ರ ಇಳಿಸಲಿಲ್ಲ.

"ಅತ್ತೆ, ಹಗ್ಗ!"

ಅತ್ತೆ ತಡಮಾಡಲಿಲ್ಲ. ಬಿಗಿದು ನಿಂತ ಹಗ್ಗಕ್ಕೆ ಉಳಿ ಹಚ್ಚಿ, ಚಿಪ್ಪು ಕೆರೆಯುವ ರಭಸದಲ್ಲೇ ಕೆರೆದಳು. ಎಳೆಗಳು ಪಟಪಟ ಹರಿದವು. ಹಗ್ಗ ಛಟೀರೆಂದು ತುಂಡಾಗಿ ಹಿಂದಕ್ಕೆ ಹಾರಿ ಕಂಬ ತಬ್ಬಿದ್ದ ಕನ್ನಡಕನ ಬೆನ್ನಿಗೆ ಬಾರಿಸಿತು. ದೋಣಿ ಬಿಲ್ಲಿನಿಂದ ಬಿಟ್ಟ ಬಾಣದಂತೆ ಚಿಮ್ಮಿತು.

ಅಯ್ಯೋ, ಆ ಓಟವೇ! ಮುಖಕ್ಕೆ ನೀರು ರಾಚುತ್ತಿತ್ತು. ಸೆರಗು ಹಾರಿ ಅತ್ತೆಯ ಮುಖಕ್ಕೆ ಸುತ್ತಿಕೊಂಡಿತು. ಕಿಸಕ್ಕ ಹಿಡಿಯನ್ನು ಎಡಕ್ಕೆ ನೂಕಿದರೆ ದೋಣಿ ಬಲಕ್ಕೆ ಹೋಗುತ್ತಿತ್ತು. ಬಲಕ್ಕೆ ನೂಕಿದರೆ ಎಡಕ್ಕೆ. ನಿಂತ ದೋಣಿಗಳ ನಡುವೆ ನುಗ್ಗಿದರು. ಕೆರೆಯುವವರು ಕಿರುಚಿಕೊಂಡು ಪಕ್ಕಕ್ಕೆ ಸರಿದರು. ಒಂದು ದೋಣಿಗೆ ಮೂತಿ ತಿವಿದರು, ಇನ್ನೊಂದಕ್ಕೆ ಪಕ್ಕೆ ಸವರಿದರು. ಕಟ್ಟೆಯ ಮೇಲೆ ದೋಣಿಯವರು ತಮ್ಮ ತಮ್ಮ ದೋಣಿಯ ಚಿಂತೆಗೆ ಬಿದ್ದು ಅತ್ತಿಂದಿತ್ತ ಓಡತೊಡಗಿದರು.

"ಎಡಕ್ಕೆ ಬೇಕಾದ್ರೆ ಬಲಕ್ಕೆ ನೂಕೇ!"

"ಹಿಡಿ ಸಡಿಲಿಸು! ಸಡಿಲಿಸು!"

"ಈಗ ತಿರುಗಿಸು! ಹಾಂ, ಹಂಗೆ!"

ಒಳಗೆ ಕಾಲಿಡಬಾರದು ಅಂದವರೇ ಗಂಟಲು ಹರಿದುಕೊಂಡು ಅವಳಿಗೆ ದೋಣಿ ಕಲಿಸುತ್ತಿದ್ದರು. ಅವಳು ಬೇಗ ಕಲಿತಳು. ಅಗಲವಾಗಿ ಒಂದು ಸುತ್ತು ಹೊಡೆದಳು. ಒಂದು ಕೈ ಹೌಸಿಂಗಿನ ಮೇಲ್ಭಾಗಕ್ಕೆ ಹಚ್ಚಿದ್ದಳು. ಒಳಗೆ ಒಂದೇ ಹದದ ಗುನುಗು. ಅದು ಅಂಗೈಯಿಂದ ಹತ್ತಿ ಎದೆಗೆ ಬರುತ್ತಿತ್ತು. ಅವಳಿಗೆ ಅಳು ಬಂತು, ಅದರ ಹಿಂದೆಯೇ ನಗು ಬಂತು.

"ಹೆಂಗಿದೆ ಅತ್ತೆ?"

"ಬೆನ್ನು ನೋವು ಬಿಟ್ಟೋಯ್ತು ಕಣೇ!" ಅತ್ತೆ ಗಾಳಿಗೆ ಎದುರಾಗಿ ಕೂಗಿದಳು. ಆಕೆ ನಕ್ಕದ್ದನ್ನು ಕಿಸಕ್ಕ ಕಂಡದ್ದು ಅದೇ ಮೊದಲು.

ನೀರಲ್ಲಿ ನಿಂತಿದ್ದ ಕೆರೆಯುವವರು ಇದನ್ನೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಮೊದಲು ಒಬ್ಬ ಬಸುರಿ, ಬೆಳಗಿನಿಂದ ಬಾಗಿ ಕೆರೆಯುತ್ತಿದ್ದವಳು, ಉಳಿಯನ್ನು ದೋಣಿಯೊಳಗೆ ಎಸೆದು ತಾನೂ ಹತ್ತಿ ಕಾಲು ಚಾಚಿ ಕೂತಳು. ಅವಳ ಗಂಡ ಹತ್ತಿದ. ಪಕ್ಕದ ದೋಣಿಗೆ ಇಬ್ಬರು ಹತ್ತಿದರು. ಅದರಾಚೆಗೆ ಒಂದು ಇಡೀ ಮನೆಯೇ ಹತ್ತಿತು. ಯಾರೂ ಕೂಗಲಿಲ್ಲ, ಜಗಳ ಮಾಡಲಿಲ್ಲ. ತಾವು ಕೆರೆದ ದೋಣಿಗಳಲ್ಲಿ ಸುಮ್ಮನೆ ಹತ್ತಿ ಕೂತರು. ಸಾಲಿಗೆ ಸಾಲೇ ಭಾರಕ್ಕೆ ತೂಗತೊಡಗಿತು.

"ಸೋಡಾ ತರ್ರೋ!" ಯಜಮಾನ ಕೂಗಿದ. ತರುವವರೂ ದೋಣಿಯಲ್ಲಿದ್ದರು, ತೊಳೆಯುವವರೂ ದೋಣಿಯಲ್ಲಿದ್ದರು.

ಕಿಸಕ್ಕ ವೇಗ ಇಳಿಸಿ ಕಟ್ಟೆಯ ಹತ್ತಿರ ಬಂದಳು. ಯಜಮಾನ ಮೆಟ್ಟಿಲ ಕೊನೆಯಲ್ಲಿ ನಿಂತು ಕೈ ಚಾಚಿದ. "ಹಗ್ಗ ಎಸಿ!" ಅತ್ತೆ ಪಾಪ ಎಂದು ಮುಂದಿನ ಹಗ್ಗ ಎಸೆದಳು. ಹಗ್ಗ ಮುಟ್ಟಲು ಅವನಿಗೆ ಮೈಲಿಗೆ ಇರಲಿಲ್ಲ. ಕೈಗೆ ಎರಡು ಸುತ್ತು ಸುತ್ತಿಕೊಂಡ.

"ಈಗ ಇಳೀರಿ ಇಬ್ರೂ."

"ಸವಾರಿ ಮುಗಿದಿಲ್ಲ ಯಜಮಾನ್ರೇ," ಅಂದಳು ಕಿಸಕ್ಕ. "ಮೋಟರು ನಿಮ್ದು, ನೀವೂ ಕೂರ್ಬೇಕಲ್ಲ. ಹತ್ತಿ. ಜಾಗ ಇದೆ."

"ನಿನ್ನ ಜೊತೆ ನಾನು ಕೂರ್ತೀನಾ?"

"ಹತ್ತೋದಾದ್ರೆ ಹತ್ತಿ. ಇಲ್ಲಾಂದ್ರೆ ಹಗ್ಗ ಬಿಡಿ."

ಅವನು ಹತ್ತಲಿಲ್ಲ. ಹಗ್ಗವನ್ನೂ ಬಿಡಲಿಲ್ಲ. ಕಾಲು ಊರಿ, ಹಲ್ಲು ಕಚ್ಚಿ, ಇನ್ನೊಂದು ಸುತ್ತು ಸುತ್ತಿಕೊಂಡ. ಕಿಸಕ್ಕ ಅವನ ಮುಖವನ್ನೇ ನೋಡಿದಳು. ಆಮೇಲೆ ಹಿಡಿ ತಿರುವಿದಳು.

ಯಜಮಾನ ಮೆಟ್ಟಿಲಿಂದ ಕಿತ್ತುಬಂದು ಎರಡು ಹೆಜ್ಜೆ ಗಾಳಿಯಲ್ಲಿ ಓಡಿ, ಮೂರನೆಯದಕ್ಕೆ ನೀರಿಗೆ ಬಿದ್ದ. ಸುತ್ತು ಬಿಚ್ಚಿಕೊಂಡು ಹಗ್ಗ ಕೈಯಿಂದ ಜಾರಿತು. ಮುಳುಗಿ, ಎದ್ದು, ಸೊಂಟದವರೆಗಿನ ಕೆಸರುನೀರಲ್ಲಿ ತೂರಾಡುತ್ತಾ ನಿಂತ. ಮೀಸೆಯ ಮೇಲೆ ಪಾಚಿ. ಸುತ್ತಲೂ ದೋಣಿಗಳ ತಳ. ಹೊತ್ತು ಮೂಡಿದಾಗಿನಿಂದ ಜನ ನಿಂತಿದ್ದ ಆ ಜಾಗದಲ್ಲಿ ಈಗ ಅವನೊಬ್ಬನೇ ಇದ್ದ. ಎಲ್ಲ ದೋಣಿಗಳಿಂದಲೂ ಜನ ಬಗ್ಗಿ ಅವನನ್ನು ನೋಡುತ್ತಿದ್ದರು.

ಅತ್ತೆಯೂ ಅಂಚಿನಿಂದ ಬಗ್ಗಿ ನೋಡಿದಳು. ಕೈಯಲ್ಲಿದ್ದ ಉಳಿಯನ್ನು ಅವನ ಕಡೆ ಚಾಚಿದಳು.

"ಹೆಂಗೂ ಇಳಿದಿದ್ದೀರಲ್ಲ ಯಜಮಾನ್ರೇ," ಅಂದಳು. "ಪಕ್ಕದ ದೋಣಿದು ಅರ್ಧಕ್ಕೇ ನಿಂತಿದೆ. ನಾವು ಇನ್ನೊಂದು ಸುತ್ತು ಹೋಗಿ ಬರೋದ್ರೊಳಗೆ ಕೆರೆದಿಡಿ."